ಜಪಾನಿನ 201 ಸರಣಿ: ಕರೆಂಟ್ ಉಳಿಸಲು ಬಂದ ಲೋಕಲ್ ರೈಲು

ಡಿಸಿ ಮೋಟಾರಿನ ವೇಗ ನಿಯಂತ್ರಣ ಓದುತ್ತಿದ್ದೀರಾ? ಹಾಗಾದರೆ ಈ ರೈಲನ್ನು ಒಮ್ಮೆ ನೋಡಿ.

ಮೊದಲು ಇದರ ಹಿಂದಿನ 103 ಸರಣಿಯ ವಿಷಯ. ಮೇಲಿನ ತಂತಿಯಲ್ಲಿ 1500 ವೋಲ್ಟ್ ಡಿಸಿ. ನಿಂತಿರುವ ಮೋಟಾರಿಗೆ ಅದನ್ನು ನೇರ ಕೊಟ್ಟರೆ ವಿಪರೀತ ಕರೆಂಟ್ ಎಳೆಯುತ್ತದೆ. ಅದಕ್ಕೇ ನಡುವೆ ರೆಸಿಸ್ಟರ್‌ಗಳನ್ನು ಇಟ್ಟು, ವೇಗ ಏರಿದಂತೆ ಒಂದೊಂದೇ ಹಂತ ಕಳಚುತ್ತಿದ್ದರು. ಅಲ್ಲಿ ಹೋದದ್ದೆಲ್ಲ ಸುಮ್ನೆ ಬಿಸಿ. ಬ್ರೇಕ್ ಹಾಕಿದಾಗಲೂ ಅದೇ ಕಥೆ.

1970ರ ದಶಕದ ತೈಲ ಬಿಕ್ಕಟ್ಟು ಬಂದ ಮೇಲೆ ಈ ಪೋಲು ಕಣ್ಣಿಗೆ ಚುಚ್ಚತೊಡಗಿತು. 1979ರಲ್ಲಿ ಜಪಾನ್ ರಾಷ್ಟ್ರೀಯ ರೈಲ್ವೆ 201ರ ಪ್ರಾಯೋಗಿಕ ರೈಲನ್ನು ಓಡಿಸಿತು. 1981ರಿಂದ ಟೋಕಿಯೊದ ಚುವೊ ಮಾರ್ಗಕ್ಕೆ ಕಿತ್ತಳೆ ಬಣ್ಣದ ರೈಲುಗಳು ಸಾಲಾಗಿ ಬಂದವು.

ಇದರೊಳಗಿರುವುದು ಥೈರಿಸ್ಟರ್ (ಅರೆವಾಹಕದ ಸ್ವಿಚ್) ಬಳಸುವ ಚಾಪರ್. ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಆಗುವ ಸ್ವಿಚ್ ಅಂದುಕೊಳ್ಳಿ. ಹತ್ತರಲ್ಲಿ ಮೂರು ಪಾಲು ಸಮಯ ಮಾತ್ರ ಆನ್ ಇದ್ದರೆ ಸರಾಸರಿ 450 ವೋಲ್ಟ್. ಆನ್ ಸಮಯ ಹೆಚ್ಚಿಸುತ್ತ ಹೋದರೆ ವೇಗ ಏರುತ್ತದೆ, ರೆಸಿಸ್ಟರ್ ಬೇಕೇ ಇಲ್ಲ. ರೈಲು ಹೊರಡುವಾಗ ಕೇಳುವ ಗುಂಯ್ ಸದ್ದು ಇದರದ್ದೇ.

ನಿಜವಾದ ಮಜಾ ಬ್ರೇಕಿನಲ್ಲಿದೆ. ಆಗ ಮೋಟಾರೇ ಜನರೇಟರ್. ಆದರೆ ಅದರ ವೋಲ್ಟೇಜ್ ತಂತಿಗಿಂತ ಕಮ್ಮಿ, ಹಾಗಿದ್ದರೆ ಕರೆಂಟ್ ವಾಪಸ್ ಹೋಗುವುದು ಹೇಗೆ? ಚಾಪರ್ ಆನ್ ಇದ್ದಾಗ ಸರ್ಕ್ಯೂಟಿನ ಸುರುಳಿಯಲ್ಲಿ (ಇಂಡಕ್ಟರ್) ಶಕ್ತಿ ಸೇರುತ್ತದೆ. ಆಫ್ ಆದ ಕೂಡಲೇ ಆ ಸುರುಳಿ ವೋಲ್ಟೇಜನ್ನು ಎತ್ತಿ ಕರೆಂಟನ್ನು ತಂತಿಗೆ ತಳ್ಳುತ್ತದೆ. ಆಗ ಹತ್ತಿರದಲ್ಲಿ ಅದನ್ನು ಎಳೆದುಕೊಳ್ಳುವ ಇನ್ನೊಂದು ರೈಲು ಇರಬೇಕು, ಅಲ್ವಾ? ಇಲ್ಲದಿದ್ದರೆ ತಂತಿಯ ವೋಲ್ಟೇಜ್ ಮಿತಿ ಮೀರುತ್ತದೆ, ಕರೆಂಟ್ ವಾಪಸ್ ಹೋಗುವುದು ನಿಂತು ಗಾಳಿ ಬ್ರೇಕ್ ಕೆಲಸಕ್ಕಿಳಿಯುತ್ತದೆ. ರೈಲಿನ ಹಿಂದೆಯೇ ರೈಲು ಬರುವ ಚುವೊ ಮಾರ್ಗ ಇದಕ್ಕೆ ಹೇಳಿ ಮಾಡಿಸಿದ ಜಾಗ.

ತೊಂದರೆ ಬೆಲೆಯದ್ದು. ಡಿಸಿಯಲ್ಲಿ ಮಾಮೂಲಿ ಥೈರಿಸ್ಟರ್ ಒಮ್ಮೆ ಆನ್ ಆದರೆ ತಾನಾಗಿ ಆಫ್ ಆಗುವುದಿಲ್ಲ. ಅದನ್ನು ಆರಿಸಲು ಬೇರೆಯದೇ ಸರ್ಕ್ಯೂಟ್ ಬೇಕು (ಪರೀಕ್ಷೆಗೆ ಇದು ಮುಖ್ಯ). ಸಾವಿರಕ್ಕೂ ಸ್ವಲ್ಪ ಜಾಸ್ತಿ ಬೋಗಿಗಳಾದ ಮೇಲೆ, 1985ರಲ್ಲಿ ತಯಾರಿಕೆ ನಿಂತಿತು. ಅದೇ ವರ್ಷ ಬಂದ ಸ್ಟೇನ್‌ಲೆಸ್ ಸ್ಟೀಲ್ ಮೈಯ 205 ಸರಣಿ ಮತ್ತೆ ರೆಸಿಸ್ಟರ್‌ಗೇ ಮರಳಿತು. ಆದರೆ ಮೋಟಾರಿನ ಫೀಲ್ಡ್ ಸುರುಳಿಯ (ಕಾಂತಕ್ಷೇತ್ರ ಹುಟ್ಟಿಸುವ ಸುರುಳಿ) ಕರೆಂಟನ್ನು ಬೇರೆಯಾಗಿ ನಿಯಂತ್ರಿಸಿ, ಕಮ್ಮಿ ಖರ್ಚಿನಲ್ಲಿ ಬ್ರೇಕಿನ ಕರೆಂಟನ್ನು ವಾಪಸ್ ಪಡೆಯಿತು. ನನಗೆ ಇದು ಹಿನ್ನಡೆ ಅನಿಸುವುದಿಲ್ಲ, ಲೆಕ್ಕ ಬಲ್ಲವರ ಕೆಲಸ.

201 ಮಾತ್ರ ಬಹಳ ಕಾಲ ದುಡಿಯಿತು. ಚುವೊ ಮಾರ್ಗದಲ್ಲಿ ಹೊಸ ಇ233 ಸರಣಿಯ ರೈಲು ಬಂದು 2010ರಲ್ಲಿ ಇದನ್ನು ಕಳಿಸಿತು. ಒಸಾಕಾ ವರ್ತುಲ ಮಾರ್ಗದಲ್ಲಿ 2019ರವರೆಗೆ ಓಡಿತು. ನಾರಾ ಕಡೆಯ ಯಮಾತೊಜಿ ಮಾರ್ಗದಲ್ಲಿ ಹಸಿರು ಬಣ್ಣ ಹೊತ್ತು 2025ರ ಮಾರ್ಚ್‌ವರೆಗೂ ಜನರನ್ನು ಸಾಗಿಸಿತು.