ವಾಲಿ ನಿಂತ ಮೋಟರ್‌ಹೋಮ್: ಗಾಳಿ ಸೋರುತ್ತಿರುವುದು ಎಲ್ಲಿ?

ರಾತ್ರಿ ಮಟ್ಟಸವಾಗಿ ನಿಲ್ಲಿಸಿದ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ದೊಡ್ಡ ವಾಹನ) ಬೆಳಗಾಗುವಷ್ಟರಲ್ಲಿ ಒಂದು ಮೂಲೆಗೆ ವಾಲಿರುತ್ತದೆ. ಆ ಮೂಲೆಯ ಏರ್ ಬ್ಯಾಗ್ ಹೋಯಿತೆಂದು ಹೊಸದನ್ನು ತರಿಸಿ ಕೂರಿಸುತ್ತಾರೆ. ಮಾರನೆಯ ಬೆಳಗ್ಗೆ ನೋಡಿದರೆ ಮತ್ತೆ ಅದೇ ವಾಲು. ಕಂಪ್ರೆಸರ್‌ನಿಂದ ಹೊರಟ ಗಾಳಿಗೆ ಬ್ಯಾಗ್ ಕೊನೆಯ ನಿಲ್ದಾಣ. ದಾರಿಯಲ್ಲಿ ಎಲ್ಲೇ ಸೋರಿದರೂ ಕುಸಿದು ಕಾಣುವುದು ಬ್ಯಾಗೇ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಗಾಳಿಯ ದಾರಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ ನೋಡಬೇಕು.

ಇಲ್ಲಿ ಏರ್ ಬ್ಯಾಗ್ ಎಂದರೆ ಅಪಘಾತದಲ್ಲಿ ಸ್ಟಿಯರಿಂಗ್‌ನಿಂದ ಉಬ್ಬಿ ಬರುವ ಚೀಲವಲ್ಲ. ಚಾಸಿಗೂ ಆಕ್ಸಲ್‌ಗೂ ನಡುವೆ ಸ್ಪ್ರಿಂಗ್‌ನ ಕೆಲಸ ಮಾಡುವ, ಒಳಗೆ ನಾರಿನ ಪದರವಿರುವ ದಪ್ಪ ರಬ್ಬರ್ ಚೀಲ. ಅದು ಹೊರುವ ಭಾರ ಒತ್ತಡ ಮತ್ತು ವಿಸ್ತೀರ್ಣಗಳ ಗುಣಲಬ್ಧ. 500 ಚದರ ಸೆಂಟಿಮೀಟರ್ ವಿಸ್ತೀರ್ಣದ ಬ್ಯಾಗ್‌ನಲ್ಲಿ 5 ಬಾರ್, ಅಂದರೆ ಸುಮಾರು 73 ಪಿಎಸ್‌ಐ ಗಾಳಿ ಇದ್ದರೆ ಅದು 2500 ಕಿಲೋದಷ್ಟು ಭಾರವನ್ನು ಹೊತ್ತು ನಿಲ್ಲುತ್ತದೆ.

ಈ ಲೆಕ್ಕವೇ ಅಪಾಯವನ್ನೂ ಹೇಳುತ್ತದೆ. ಒಂದು ಪೈಪ್ ಕಳಚಿದರೆ ಆ ಭಾರವೆಲ್ಲ ಕ್ಷಣಾರ್ಧದಲ್ಲಿ ಕೆಳಗಿಳಿಯುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ತಯಾರಕರು ಸೂಚಿಸಿದ ಜಾಗದಲ್ಲಿ ಚಾಸಿಯ ಕೆಳಗೆ ತಕ್ಕ ಸಾಮರ್ಥ್ಯದ ಉಕ್ಕಿನ ಸ್ಟ್ಯಾಂಡ್ ನಿಲ್ಲಿಸದೆ ವಾಹನದಡಿ ತಲೆ ತೂರಿಸಲೇಬಾರದು. ಏರ್ ಬ್ಯಾಗ್ ಆಗಲಿ ಹೈಡ್ರಾಲಿಕ್ ಜ್ಯಾಕ್ ಆಗಲಿ ಸ್ಟ್ಯಾಂಡ್‌ನ ಬದಲಿಯಲ್ಲ. ವಾಹನ ಪೂರ್ತಿ ಕುಸಿದರೂ ನಿಮ್ಮ ಮೈಮೇಲೆ ಇಷ್ಟು ಜಾಗ ಉಳಿಯುತ್ತದೆ ಎಂದು ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಹೋಗಬೇಕು.

ಗಾಳಿಯ ದಾರಿ ಹೀಗಿದೆ. ಎಂಜಿನ್ ತಿರುಗಿಸುವ ಕಂಪ್ರೆಸರ್, ಗಾಳಿಯ ತೇವ ಹೀರುವ ಡ್ರೈಯರ್ ಮೂಲಕ ಟ್ಯಾಂಕ್‌ಗಳನ್ನು ಸಾಮಾನ್ಯವಾಗಿ 120ರಿಂದ 130 ಪಿಎಸ್‌ಐವರೆಗೆ ತುಂಬುತ್ತದೆ. ಒತ್ತಡ 100ರ ಆಸುಪಾಸಿಗೆ ಇಳಿದಾಗ ಮತ್ತೆ ತುಂಬಲು ಶುರುಮಾಡುತ್ತದೆ. ಬ್ರೇಕಿಗೂ ಸಸ್ಪೆನ್ಷನ್‌ಗೂ ಇದೇ ಗಾಳಿ ಬೇಕು. ಎರಡರ ನಡುವೆ ಒತ್ತಡ ರಕ್ಷಕ ವಾಲ್ವ್ ಇರುತ್ತದೆ. ಬ್ರೇಕಿನ ಪಾಲು ತುಂಬುವವರೆಗೆ ಅದು ಸಸ್ಪೆನ್ಷನ್‌ಗೆ ಬಾಗಿಲು ತೆರೆಯುವುದಿಲ್ಲ. ಖಾಲಿ ಟ್ಯಾಂಕ್‌ನೊಂದಿಗೆ ಎಂಜಿನ್ ಶುರುಮಾಡಿದಾಗ ಮೊದಲ ಕೆಲವು ನಿಮಿಷ ವಾಹನ ಏಳದಿದ್ದರೆ ಅದು ದೋಷವಲ್ಲ. ಮೀಟರ್ ಮುಳ್ಳು ಮೇಲೇರಿದ ಮೇಲೂ ಏಳದಿದ್ದರೆ ಆಗ ಚಿಂತಿಸಬೇಕು.

ಅಲ್ಲಿಂದ ಗಾಳಿ ಎತ್ತರದ ವಾಲ್ವ್‌ಗಳಿಗೆ, ಅಂದರೆ ಚಾಸಿ ತಗ್ಗಿದರೆ ಬ್ಯಾಗ್‌ಗೆ ಗಾಳಿ ತುಂಬಿ, ಏರಿದರೆ ಗಾಳಿ ಬಿಡುವ ವಾಲ್ವ್‌ಗಳಿಗೆ ಬರುತ್ತದೆ. ಇವು ಸಾಮಾನ್ಯವಾಗಿ ಮೂರೇ: ಮುಂದೆ ಒಂದು, ಹಿಂದೆ ಎಡಬಲಕ್ಕೆ ಒಂದೊಂದು. ನಾಲ್ಕು ಮೂಲೆಗೆ ನಾಲ್ಕು ಏಕಿಲ್ಲ? ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದೆ ಕೂರುತ್ತದೆ; ನಾಲ್ಕು ಕಾಲಿನದು ಕುಂಟುತ್ತದೆ. ನಾಲ್ಕು ವಾಲ್ವ್‌ಗಳಿದ್ದರೆ ಒಂದಕ್ಕೊಂದು ಜಗಳಕ್ಕೆ ಬಿದ್ದು ಚಾಸಿಯನ್ನು ತಿರುಚುತ್ತವೆ. ಈ ಏರ್ಪಾಡಿನಲ್ಲಿ ಮುಂದಿನ ಎರಡು ಬದಿಗಳು ಒಂದೇ ವಾಲ್ವ್ ಹಂಚಿಕೊಳ್ಳುವುದರಿಂದ ಒಂದು ಬದಿ ಸೋರಿದರೂ ಮುಂಭಾಗವೆಲ್ಲ ತಗ್ಗುತ್ತದೆ. ಚಾಸಿ ಗಟ್ಟಿಯಾದ್ದರಿಂದ ಹಿಂದಿನ ಎಡಬದಿ ಕುಸಿದಾಗ ಮುಂದಿನ ಬಲಬದಿ ತುಸು ಮೇಲೇಳುವುದೂ ಉಂಟು. ಕಣ್ಣಂದಾಜು ನಂಬುವ ಹಾಗಿಲ್ಲ. ನಾಲ್ಕೂ ಚಕ್ರಗಳ ಮೇಲೆ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು, ಗಂಟೆ, ಉಷ್ಣತೆ, ಟ್ಯಾಂಕ್ ಒತ್ತಡಗಳ ಜೊತೆ ಬರೆದಿಡಿ.

ಉಷ್ಣತೆಯನ್ನು ಬರೆಯುವುದಕ್ಕೆ ಕಾರಣವಿದೆ. ಸಂಜೆ 35 ಡಿಗ್ರಿ ಸೆಲ್ಸಿಯಸ್ ಇದ್ದದ್ದು ನಸುಕಿಗೆ 15ಕ್ಕೆ ಇಳಿದರೆ, ಕೆಲ್ವಿನ್‌ನಲ್ಲಿ ಅದು 308ರಿಂದ 288. ಮುಚ್ಚಿದ ಟ್ಯಾಂಕ್‌ನಲ್ಲಿ 120 ಇದ್ದ ಒತ್ತಡ ಒಂದು ಹನಿ ಗಾಳಿಯೂ ಸೋರದೆ ಸುಮಾರು 111 ಪಿಎಸ್‌ಐ ಆಗುತ್ತದೆ. ಬ್ಯಾಗ್‌ನಲ್ಲಿ ಆಗುವುದೇ ಬೇರೆ. ಮೇಲಿನ ಭಾರ ಬದಲಾಗಿಲ್ಲವಾದ್ದರಿಂದ ಒತ್ತಡ ಹೆಚ್ಚುಕಡಿಮೆ ಹಾಗೆಯೇ ಇದ್ದು ಗಾತ್ರ ಶೇಕಡ 6ರಷ್ಟು ಕುಗ್ಗುತ್ತದೆ. 25 ಸೆಂಟಿಮೀಟರ್ ಎತ್ತರದ ಬ್ಯಾಗ್ ಒಂದೂವರೆ ಸೆಂಟಿಮೀಟರ್ ತಗ್ಗಿದರೆ ಅದಕ್ಕೆ ಚಳಿಯೇ ಕಾರಣವಿರಬಹುದು. ಆದರೆ ಚಳಿ ಎಲ್ಲ ಮೂಲೆಗೂ ಒಂದೇ. ಒಂದೇ ಮೂಲೆ ಕುಸಿದಿದ್ದರೆ ಅದು ಸೋರಿಕೆ.

ಈಗ ಬೇರ್ಪಡಿಸುವ ಪರೀಕ್ಷೆ. ಗಾಳಿಯಿಂದಲೇ ಮಟ್ಟ ಮಾಡಿಕೊಳ್ಳುವ ವಾಹನಗಳಲ್ಲಿ ಬ್ಯಾಗ್‌ಗಳಿಗೆ ಎರಡು ಬಾಗಿಲು. ಪ್ರಯಾಣದ ಸ್ಥಿತಿಯಲ್ಲಿ ಎತ್ತರದ ವಾಲ್ವ್‌ಗಳು ಆಳುತ್ತವೆ. ನಿಂತು ಮಟ್ಟ ಮಾಡುವಾಗ ಆ ದಾರಿ ಮುಚ್ಚಿ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳನ್ನು ಒಟ್ಟಿಗೆ ಕೂರಿಸಿದ ಮ್ಯಾನಿಫೋಲ್ಡ್ ಅಧಿಕಾರ ವಹಿಸಿಕೊಳ್ಳುತ್ತದೆ: ಪ್ರತಿ ಬಿಂದುವಿಗೆ ಏರಿಸಲೊಂದು, ಇಳಿಸಲೊಂದು. ಟ್ಯಾಂಕ್ ಪೂರ್ತಿ ತುಂಬಿ, ಒಂದು ರಾತ್ರಿ ಪ್ರಯಾಣದ ಸ್ಥಿತಿಯಲ್ಲೂ ಮತ್ತೊಂದು ರಾತ್ರಿ ಮಟ್ಟದ ಸ್ಥಿತಿಯಲ್ಲೂ ಬಿಡಿ. ಎರಡನೆಯ ರಾತ್ರಿ ತಾನಾಗಿಯೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಮತ್ತು ಸಹಾಯಕ ಕಂಪ್ರೆಸರ್ ಎರಡೂ ಆಫ್ ಇರಲಿ. ಇಲ್ಲವಾದರೆ ಅವು ರಾತ್ರಿಯಿಡೀ ಗಾಳಿ ತುಂಬಿ ಸೋರಿಕೆಯನ್ನು ಮುಚ್ಚಿಹಾಕುತ್ತವೆ. ಪ್ರಯಾಣದ ಸ್ಥಿತಿಯಲ್ಲಿ ಮಾತ್ರ ಕುಸಿದರೆ ತಪ್ಪು ಎತ್ತರದ ವಾಲ್ವ್ ಅಥವಾ ಅದರ ಪೈಪ್‌ಗಳದು. ಎರಡರಲ್ಲೂ ಕುಸಿದರೆ ಬ್ಯಾಗ್, ಬ್ಯಾಗ್‌ನ ಪೈಪ್ ಅಥವಾ ಮ್ಯಾನಿಫೋಲ್ಡ್. ವಾಹನ ನೆಟ್ಟಗಿದ್ದು ಟ್ಯಾಂಕ್ ಮೀಟರ್ ಮಾತ್ರ ಇಳಿದಿದ್ದರೆ ಮೊದಲು ಸಂಶಯಪಡಬೇಕಾದದ್ದು ಟ್ಯಾಂಕ್ ಮತ್ತು ಬ್ರೇಕಿನ ಕಡೆಯನ್ನು, ಆಮೇಲೆ ಸಸ್ಪೆನ್ಷನ್ ಅನ್ನು. ಬ್ರೇಕಿನ ಗಾಳಿ ಸೋರುತ್ತಿರುವ ವಾಹನವನ್ನು ರಿಪೇರಿಗೆ ಮುಂಚೆ ರಸ್ತೆಗಿಳಿಸುವಂತಿಲ್ಲ.

ಒಂದು ಮೋಸಗಾರ ದೋಷವಿದೆ. ಎತ್ತರದ ವಾಲ್ವ್‌ನೊಳಗೆ ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುವ ಏಕಮುಖ ಕವಾಟವಿರುತ್ತದೆ. ಅದು ಕೆಟ್ಟರೆ ಟ್ಯಾಂಕ್‌ನ ಸೋರಿಕೆ ಬ್ಯಾಗ್‌ನ ಸೋರಿಕೆಯ ವೇಷ ಹಾಕುತ್ತದೆ. ಪತ್ತೆ ಸುಲಭ: ಪ್ರಯಾಣದ ಸ್ಥಿತಿಯಲ್ಲಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ವಾಹನದಿಂದ ದೂರ ನಿಂತು ಟ್ಯಾಂಕ್‌ನ ಗಾಳಿ ಬಿಡಿ. ಅದರ ಬೆನ್ನಿಗೇ ವಾಹನವೂ ಇಳಿದರೆ ಬ್ಯಾಗ್ ನಿರಪರಾಧಿ.

ಭಾಗ ಗೊತ್ತಾದ ಮೇಲೆ ಜಾಗ ಹುಡುಕುವುದು ಸೋಪಿನ ನೀರಿನ ಕೆಲಸ. ಪಾತ್ರೆ ತೊಳೆಯುವ ದ್ರವ ಒಂದು ಪಾಲು, ನೀರು ಹತ್ತು ಪಾಲು, ಒಂದು ಸ್ಪ್ರೇ ಬಾಟಲಿ. ಒತ್ತಡ ತುಂಬಿರುವಾಗಲೇ ಸಿಂಪಡಿಸಿ, ಪ್ರತಿ ಜೋಡಣೆಯ ಬಳಿ ಒಂದೆರಡು ನಿಮಿಷ ಕಾಯಬೇಕು. ಸಣ್ಣ ಸೋರಿಕೆಯ ನೊರೆ ನಿಧಾನವಾಗಿ ಹುಟ್ಟುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ನೈಲಾನ್ ಪೈಪ್ ಚುಚ್ಚಿ ಕೂರಿಸುವ ಫಿಟ್ಟಿಂಗ್‌ಗಳು. ಪೈಪಿನ ತುದಿ ಓರೆಯಾಗಿದ್ದರೆ ಅಥವಾ ಗೀರು ಬಿದ್ದಿದ್ದರೆ ಒಳಗಿನ ಓ-ರಿಂಗ್ ಹಿಡಿಯುವುದಿಲ್ಲ. ಗಾಳಿ ಪೂರ್ತಿ ಇಳಿಸಿ, ಪೈಪ್ ಕಳಚಿ, ಉದ್ದ ಸಾಲುವಂತಿದ್ದರೆ ತುದಿಯಿಂದ ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸಿ, ಕೊನೆ ಮುಟ್ಟುವವರೆಗೆ ಒತ್ತಿ, ಎಳೆದು ಪರೀಕ್ಷಿಸಿ. ಕಟಿಂಗ್ ಪ್ಲೈಯರ್ ಪೈಪನ್ನು ಚಪ್ಪಟೆ ಮಾಡುತ್ತದೆ. ಪೈಪ್ ಕಟರ್ ಬೇಕು. ತಿರುಪಿನ ಎಳೆ (ಥ್ರೆಡ್) ಇರುವ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ಬಿಡುವುದು ಒಳ್ಳೆಯದು. ಟೇಪಿನ ಚೂರು ಹರಿದು ಸೊಲೆನಾಯ್ಡ್‌ನ ಸೀಟಿನಲ್ಲಿ (ವಾಲ್ವ್ ಮುಚ್ಚಿ ಕೂರುವ ಅಂಚಿನಲ್ಲಿ) ಕೂತರೆ ಹೊಸ ಸೋರಿಕೆಯನ್ನು ಕೈಯಾರೆ ಹುಟ್ಟಿಸಿದಂತೆ. ಪೇಸ್ಟ್ ಸೀಲೆಂಟ್ ಸಾಕು.

ಬ್ಯಾಗ್ ನೋಡುವಾಗ ಮೇಲಿನ ತಟ್ಟೆಯ ಅಂಚನ್ನೂ ಕೆಳಗೆ ರಬ್ಬರ್ ಮಡಚಿಕೊಳ್ಳುವ ಜಾಗವನ್ನೂ ಹೆಚ್ಚು ಗಮನಿಸಿ. ಮೇಲ್ಮೈಯ ಕೂದಲೆಳೆಯ ಬಿರುಕುಗಳು ಮುಪ್ಪಿನ ಗುರುತು. ಒಳಗಿನ ನಾರು ಕಂಡಿತೋ, ಸೋರದಿದ್ದರೂ ಬ್ಯಾಗ್ ಬದಲಿಸಬೇಕು.

ಎತ್ತರದ ವಾಲ್ವ್ ಪರೀಕ್ಷಿಸಲು ಸ್ಟ್ಯಾಂಡ್‌ಗಳ ಮೇಲೆ ಭದ್ರಪಡಿಸಿ, ಅದರ ಕಡ್ಡಿಯನ್ನು ಆಕ್ಸಲ್ ಬದಿಯಿಂದ ಕಳಚಿ. ತೋಳನ್ನು ಮೇಲೆತ್ತಿದರೆ ಬ್ಯಾಗ್ ತುಂಬಬೇಕು, ಕೆಳಗಿಳಿಸಿದರೆ ಗಾಳಿ ಹೊರಹೋಗಬೇಕು, ನಡುವೆ ನಿಂತಾಗ ಮೌನ. ಕೆಲವು ವಾಲ್ವ್‌ಗಳು ಪ್ರತಿ ಹಳ್ಳಕ್ಕೂ ಗಾಳಿ ಪೋಲು ಮಾಡದಿರಲೆಂದು ಬೇಕೆಂದೇ ಕೆಲವು ಸೆಕೆಂಡ್ ತಡವಾಗಿ ಸ್ಪಂದಿಸುತ್ತವೆ. ಆ ತಡವನ್ನು ದೋಷವೆಂದು ತಿಳಿಯಬಾರದು. ನಡುಸ್ಥಿತಿಯಲ್ಲೂ ಹೊರದ್ವಾರ ಬುಸುಗುಟ್ಟುತ್ತಿದ್ದರೆ ಸೀಟು ಸವೆದಿದೆ. ಕಡ್ಡಿಯನ್ನು ಮತ್ತೆ ಕೂರಿಸಿದ ಮೇಲೆ, ಟ್ಯಾಂಕ್ ಪೂರ್ತಿ ತುಂಬಿರುವಾಗ, ಚಾಸಿ ತಯಾರಕರು ಕೊಟ್ಟ ಎತ್ತರಕ್ಕೆ ಹೊಂದಿಸಬೇಕು. ಹಿಂಭಾಗ ಒಂದೆರಡು ಸೆಂಟಿಮೀಟರ್ ತಪ್ಪಿದರೂ ಡ್ರೈವ್‌ಶಾಫ್ಟ್‌ನ ಕೋನ ಬದಲಾಗಿ ಕಂಪನ ಶುರುವಾಗಬಹುದು. ಆಗ ಜನ ಟೈರ್ ಬ್ಯಾಲೆನ್ಸ್ ಮಾಡಿಸಿ ಮಾಡಿಸಿ ಸುಸ್ತಾಗುತ್ತಾರೆ.

ಸೊಲೆನಾಯ್ಡ್‌ಗಳಲ್ಲಿ ವಿದ್ಯುತ್ ದೋಷವನ್ನೂ ಕೊಳೆಯ ದೋಷವನ್ನೂ ಬೇರ್ಪಡಿಸಿಕೊಳ್ಳಿ. ಬಟನ್ ಒತ್ತಿದಾಗ ಕಾಯಿಲ್‌ನ ಬಳಿ ಹಿಡಿದ ಸ್ಕ್ರೂಡ್ರೈವರ್ ತುದಿ ಸೆಳೆಯಲ್ಪಟ್ಟರೆ ವಿದ್ಯುತ್ ಬರುತ್ತಿದೆ. ಆದರೂ ಗಾಳಿ ಹರಿಯದಿದ್ದರೆ ವಾಲ್ವ್ ಕಚ್ಚಿಕೊಂಡಿದೆ. ಸೆಳೆತವೇ ಇಲ್ಲದಿದ್ದರೆ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿ ಸೊರಗಿರುವುದು, ಅರ್ತ್ ತಂತಿಗೆ ತುಕ್ಕು ಹಿಡಿದಿರುವುದು ಇಲ್ಲಿ ಬಹಳ ಸಾಮಾನ್ಯ. ವಾಲ್ವ್ ಕಚ್ಚಿಕೊಳ್ಳುವುದಕ್ಕೆ ಮೂಲ ಬಹುಪಾಲು ತೇವ. ಟ್ಯಾಂಕ್‌ನ ಡ್ರೈನ್ ಎಳೆದಾಗ ನೀರು ಅಥವಾ ಮಜ್ಜಿಗೆಯಂಥ ಎಣ್ಣೆಮಿಶ್ರ ದ್ರವ ಬಂದರೆ ಡ್ರೈಯರ್‌ನ ತೇವಹೀರುಕ ಸತ್ತಿದೆ. ಅದನ್ನು ಬದಲಿಸದೆ ಸೊಲೆನಾಯ್ಡ್ ಮಾತ್ರ ಹೊಸದು ಹಾಕಿದರೆ ಅದೂ ಬೇಗ ಕಚ್ಚಿಕೊಳ್ಳುತ್ತದೆ.

ಗಾಳಿಯೆಲ್ಲ ಸರಿಯಿದ್ದೂ, ಮಟ್ಟವಾಯಿತೆಂದು ಹೇಳುವ ಹಸಿರು ದೀಪ ಹತ್ತಿದಾಗ ವಾಹನದ ನೆಲ ಓರೆಯಾಗಿದ್ದರೆ ಮಟ್ಟ ಅಳೆಯುವ ಸೆನ್ಸರ್ ನೋಡಿ. ಅದರ ಸ್ಕ್ರೂ ಸಡಿಲವಾಗಿರಬಹುದು, ಇಲ್ಲವೇ ಶೂನ್ಯಬಿಂದು ತಪ್ಪಿರಬಹುದು. ವಾಹನದೊಳಗಿನ ನೆಲದ ನಡುವೆ ರಸಮಟ್ಟವಿಟ್ಟು, ಉದ್ದಕ್ಕೂ ಅಡ್ಡಕ್ಕೂ ಗುಳ್ಳೆ ನಡುವೆ ಬರುವಂತೆ ಕೈಯಾರೆ ಮಟ್ಟ ಮಾಡಿ, ಆ ಸ್ಥಿತಿಯನ್ನೇ ಶೂನ್ಯವೆಂದು ದಾಖಲಿಸಬೇಕು. ಹೈಡ್ರಾಲಿಕ್ ಜ್ಯಾಕ್‌ಗಳಿರುವ ವಾಹನದಲ್ಲಿ ಬ್ಯಾಗ್‌ಗಳ ಗಾಳಿ ಇಳಿಸಿದ ಮೇಲೆ ಜ್ಯಾಕ್ ಚಾಚುವುದು ಸಾಮಾನ್ಯ ಕ್ರಮ. ಆಗ ಹಿಂದಿನ ಚಕ್ರಗಳು ನೆಲ ಬಿಡದಂತೆ ನೋಡಿಕೊಳ್ಳಿ, ಪಾರ್ಕಿಂಗ್ ಬ್ರೇಕ್ ಇರುವುದು ಸಾಮಾನ್ಯವಾಗಿ ಅವಕ್ಕೇ.