ದಡಾರ ಒಂದೇ ಸಲ, ನೆಗಡಿ ಮತ್ತೆ ಮತ್ತೆ: ಹೀಗ್ಯಾಕೆ?

ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಫ್ಲೂ ಹಾಗಲ್ಲ, ಹೋದ ವರ್ಷ ಮಲಗಿಸಿದ್ದು ಈ ವರ್ಷವೂ ಮಲಗಿಸಬಹುದು. ನೆಗಡಿಯಂತೂ ಕೇಳಲೇಬೇಡಿ. ಇರುವುದು ಅದೇ ದೇಹ, ಹರಿಯುವುದು ಅದೇ ರಕ್ತ. ಮತ್ತೆ ಒಂದು ರೋಗವನ್ನು ಸಾಯುವವರೆಗೂ ನೆನಪಿಟ್ಟುಕೊಂಡು ಇನ್ನೊಂದನ್ನು ವರ್ಷ ತುಂಬುವುದರೊಳಗೆ ಮರೆಯುವುದು ಯಾಕೆ? "ಲಸಿಕೆ ಹಾಕಿಸಿಕೊಂಡರೂ ಜ್ವರ ಬಂತಲ್ಲ, ಏನು ಪ್ರಯೋಜನ" ಅಂತ ಬೇಜಾರು ಮಾಡಿಕೊಳ್ಳುವವರು ನಿಜವಾಗಿ ಕೇಳುತ್ತಿರುವುದೂ ಇದೇ ಪ್ರಶ್ನೆ. ಉತ್ತರ ಹುಡುಕಲು 170 ವರ್ಷಕ್ಕೂ ಜಾಸ್ತಿ ಹಿಡಿಯಿತು.

1846ರ ವಸಂತದಲ್ಲಿ ಕೋಪನ್‌ಹೇಗನ್‌ನಿಂದ ಒಬ್ಬ ಬಡಗಿ ಫೇರೋ ದ್ವೀಪಗಳಿಗೆ ಬಂದ. ಉತ್ತರ ಅಟ್ಲಾಂಟಿಕ್‌ನಲ್ಲಿ, ಯಾವುದಕ್ಕೂ ಹತ್ತಿರವಿಲ್ಲದ ಜಾಗ ಅದು. ಅವನ ಜೊತೆ ದಡಾರವೂ ಬಂತು. ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಕಳಿಸಿದ ವೈದ್ಯರಲ್ಲಿ ಪೀಟರ್ ಲುಡ್ವಿಗ್ ಪಾನುಮ್ ಒಬ್ಬ, ಆಗಿನ್ನೂ 25 ವರ್ಷ. ಕೈಯಲ್ಲಿ ಔಷಧಿಯೂ ಇರಲಿಲ್ಲ, ವೈರಸ್ ಎಂಬ ಕಲ್ಪನೆಯೂ ಇರಲಿಲ್ಲ. ಅವನು ಮಾಡಿದ್ದು ಒಂದೇ ಕೆಲಸ: ಊರೂರು ತಿರುಗಿ ಕೇಳಿದ್ದು. ಯಾರ ಮನೆಗೆ ಯಾವ ದಿನ ಹೋಗಿದ್ದಿರಿ, ಮೈಮೇಲೆ ದದ್ದು ಎದ್ದಿದ್ದು ಯಾವ ದಿನ? ಹೀಗೆ ಲೆಕ್ಕ ಹಾಕಿ, ಸೋಂಕು ತಗುಲಿದ 13-14ನೇ ದಿನಕ್ಕೆ ದದ್ದು ಕಾಣಿಸುತ್ತದೆ ಅಂತ ಕಂಡುಕೊಂಡ.

ಅದಕ್ಕಿಂತ ದೊಡ್ಡ ವಿಷಯ ಸಿಕ್ಕಿದ್ದು ಮುದುಕರ ಹತ್ತಿರ. ಅಲ್ಲಿ ಹಿಂದಿನ ಸಲ ದಡಾರ ಬಂದಿದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಅನುಭವಿಸಿದ್ದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದರು. ಅಂಥವರಲ್ಲಿ ಒಬ್ಬರಿಗೂ ಈ ಸಲ ದಡಾರ ಬರಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರಿಗೆ ಬಂತು. ನಡುವಿನ 65 ವರ್ಷ ಆ ದ್ವೀಪಗಳಲ್ಲಿ ರೋಗವೇ ಇರಲಿಲ್ಲ, ಅಂದರೆ ದೇಹಕ್ಕೆ ಹಳೆಯ ಪಾಠವನ್ನು ಯಾರೂ ನೆನಪಿಸಿರಲಿಲ್ಲ. ಆದರೂ ಅದು ಮರೆತಿರಲಿಲ್ಲ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಪ್ರಯೋಗಾಲಯ ಇಲ್ಲ, ಸೂಕ್ಷ್ಮದರ್ಶಕ ಇಲ್ಲ, ತಾಳ್ಮೆಯಿಂದ ಕೇಳಿ ಬರೆದುಕೊಂಡಿದ್ದಷ್ಟೇ.

ಆ ನೆನಪು ಇರುವುದು ಎಲ್ಲಿ? 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ರಕ್ತದಲ್ಲೇ ರೋಗವನ್ನು ತಡೆಯುವ ಏನೋ ಒಂದು ವಸ್ತು ಇದೆ ಅಂತ ತೋರಿಸಿದರು. ನಾವೀಗ ಅದನ್ನು ಆಂಟಿಬಾಡಿ ಅನ್ನುತ್ತೇವೆ. ಆದರೆ ರಕ್ತದಲ್ಲಿರುವ ಆಂಟಿಬಾಡಿಯ ಪ್ರಮಾಣ ಸುಮಾರು ಮೂರು ವಾರಕ್ಕೆ ಅರ್ಧವಾಗುತ್ತದೆ. ಹಾಗಾದರೆ 65 ವರ್ಷ ಹೇಗೆ ಉಳಿಯಿತು? ಈ ಗಂಟು ಬಿಚ್ಚಿದ್ದು 1990ರ ದಶಕದ ಕೊನೆಯಲ್ಲಿ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ. ಸೋಂಕು ಮುಗಿದ ಮೇಲೆ ಕೆಲವು ಜೀವಕೋಶಗಳು ಮೂಳೆಯೊಳಗಿನ ಮಜ್ಜೆಗೆ ಹೋಗಿ ನೆಲೆಸುತ್ತವೆ. ವೈರಸ್ ಇರಲಿ ಬಿಡಲಿ, ಒಂದೊಂದೂ ಸೆಕೆಂಡಿಗೆ ಸಾವಿರಾರು ಆಂಟಿಬಾಡಿಗಳನ್ನು ಸುರಿಸುತ್ತಲೇ ಇರುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜನರ ರಕ್ತವನ್ನು ವರ್ಷಗಟ್ಟಲೆ ಅಳೆದು ಲೆಕ್ಕ ಹಾಕಿತು. ದಡಾರದ ವಿರುದ್ಧದ ಆಂಟಿಬಾಡಿ ಅರ್ಧಕ್ಕೆ ಇಳಿಯಲು 200 ವರ್ಷಕ್ಕೂ ಜಾಸ್ತಿ ಬೇಕು. ಟೆಟನಸ್ ಲಸಿಕೆಯಿಂದ ಬಂದದ್ದು 11 ವರ್ಷಕ್ಕೇ ಅರ್ಧವಾಗುತ್ತದೆ. ಟೆಟನಸ್‌ಗೆ ಆಗಾಗ ಬೂಸ್ಟರ್ ಬೇಕಾಗುವುದು ಇದಕ್ಕೇ.

ಸರಿ, ಹಾಗಾದರೆ ಫ್ಲೂ ವಿಷಯದಲ್ಲಿ ದೇಹಕ್ಕೆ ಮರೆವು ಜಾಸ್ತಿಯೇ? ಅದೂ ಅಲ್ಲ! 1918ರ ಮಹಾ ಫ್ಲೂ ಕಂಡಿದ್ದ, 1915ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದ್ದ 32 ಮಂದಿಯ ರಕ್ತವನ್ನು ಸುಮಾರು 90 ವರ್ಷದ ನಂತರ ಪರೀಕ್ಷೆ ಮಾಡಿದಾಗ, ಎಲ್ಲರಲ್ಲೂ ಆ ವೈರಸ್ಸಿನ ಗುರುತು ಹಿಡಿಯುವ ಆಂಟಿಬಾಡಿ ಸಿಕ್ಕಿತು. 2008ರ ವರದಿ ಇದು. ದೇಹ ಮರೆತಿರುವುದಿಲ್ಲ, ಎದುರಿಗೆ ಬಂದವನೇ ವೇಷ ಬದಲಿಸಿರುತ್ತಾನೆ.

ವಿಜ್ಞಾನಿಗಳಿಗೆ ಇದು ಕಷ್ಟದಿಂದಲೇ ಅರ್ಥವಾಯಿತು. ಥಾಮಸ್ ಫ್ರಾನ್ಸಿಸ್, ಜೋನಾಸ್ ಸಾಕ್ ಮೊದಲಾದವರು ಅಮೆರಿಕದ ಸೈನಿಕರ ಮೇಲೆ ಪರೀಕ್ಷಿಸಿದ ಫ್ಲೂ ಲಸಿಕೆಗೆ 1945ರಲ್ಲಿ ಪರವಾನಗಿ ಸಿಕ್ಕಿತು. ಚೆನ್ನಾಗಿಯೇ ಕೆಲಸ ಮಾಡಿತ್ತು. ಎರಡೇ ವರ್ಷಕ್ಕೆ, 1947ರಲ್ಲಿ, ಅದೇ ಲಸಿಕೆ ಕೈಕೊಟ್ಟಿತು. ಲಸಿಕೆ ಕೆಟ್ಟಿರಲಿಲ್ಲ, ವೈರಸ್ಸಿನ ಮೇಲ್ಮೈಯ ಪ್ರೋಟೀನ್ ಬದಲಾಗಿತ್ತು. ಅದಕ್ಕೇ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಾದ್ಯಂತ ಫ್ಲೂ ಮೇಲೆ ಕಣ್ಣಿಡುವ ಜಾಲವನ್ನು ಶುರು ಮಾಡಿತು. ಈಗ ವರ್ಷಕ್ಕೆ ಎರಡು ಸಲ ತಜ್ಞರು ಕೂತು, ಮುಂದಿನ ಹಂಗಾಮಿಗೆ ಯಾವ ತಳಿಗಳನ್ನು ಲಸಿಕೆಗೆ ಸೇರಿಸಬೇಕು ಅಂತ ತೀರ್ಮಾನಿಸುತ್ತಾರೆ. ಲಸಿಕೆ ತಯಾರಾಗಲು ತಿಂಗಳುಗಳು ಬೇಕು, ಅಷ್ಟರಲ್ಲಿ ವೈರಸ್ ಇನ್ನೊಂದು ಕಡೆ ಹೊರಳಿದರೆ ಲಸಿಕೆಯ ಬಲ ಕಡಿಮೆಯಾಗುತ್ತದೆ. ಫ್ಲೂ ಲಸಿಕೆ ಒಂದು ವರ್ಷ ಚೆನ್ನಾಗಿ, ಇನ್ನೊಂದು ವರ್ಷ ಅರೆಬರೆಯಾಗಿ ಕೆಲಸ ಮಾಡುವುದಕ್ಕೆ ಇದು ಮುಖ್ಯ ಕಾರಣ.

ಫ್ರಾನ್ಸಿಸ್ ಇನ್ನೊಂದು ವಿಚಿತ್ರವನ್ನೂ ಗಮನಿಸಿದರು. ಜೀವನದಲ್ಲಿ ಮೊಟ್ಟಮೊದಲು ಕಂಡ ಫ್ಲೂ ತಳಿಯನ್ನೇ ದೇಹ ಹೆಚ್ಚು ನೆಚ್ಚಿಕೊಂಡಿರುತ್ತದೆ, ಹೊಸ ತಳಿ ಬಂದರೂ ಹಳೆಯದರ ಆಂಟಿಬಾಡಿಯನ್ನೇ ಮೊದಲು ಹೊರತೆಗೆಯುತ್ತದೆ. 1960ರಲ್ಲಿ ಇದಕ್ಕೆ ಅವರು "ಮೂಲ ಪಾಪ" ಎನ್ನುವ ಅರ್ಥ ಬರುವ ಹೆಸರಿಟ್ಟರು. ಆದರೆ ಇದು ಬರೀ ಪಾಪವಲ್ಲ ಅಂತ ನನಗನಿಸುತ್ತದೆ. 2016ರ ಅಧ್ಯಯನವೊಂದರ ಪ್ರಕಾರ, ಎಚ್5ಎನ್1 ಹಕ್ಕಿಜ್ವರ ವಿಷಮಿಸುವುದರಿಂದ 1968ಕ್ಕೆ ಮೊದಲು ಹುಟ್ಟಿದವರಿಗೆ ಹೆಚ್ಚು ರಕ್ಷಣೆ ಇದೆ, ಆಮೇಲೆ ಹುಟ್ಟಿದವರಿಗೆ ಎಚ್7ಎನ್9 ಎಂಬ ಇನ್ನೊಂದು ಹಕ್ಕಿಜ್ವರದಿಂದ. ಬಾಲ್ಯದಲ್ಲಿ ಮೊದಲು ಕಂಡ ಫ್ಲೂ ಯಾವ ಗುಂಪಿಗೆ ಸೇರಿದ್ದು ಎಂಬುದರ ಮೇಲೆ ಇದು ನಿಂತಿದೆ.

ದಡಾರದ ವೈರಸ್ ಈ ರೀತಿ ವೇಷ ಬದಲಿಸಲಾರದು. ಜೀವಕೋಶದೊಳಗೆ ನುಗ್ಗಲು ಅದು ಬಳಸುವ ಭಾಗವನ್ನೇ ಆಂಟಿಬಾಡಿಗಳು ಹಿಡಿಯುತ್ತವೆ, ಅದು ಬದಲಾದರೆ ಬಾಗಿಲು ತೆರೆಯುವುದೇ ಇಲ್ಲ. 1954ರಲ್ಲಿ ಎಂಡರ್ಸ್ ಮತ್ತು ಪೀಬಲ್ಸ್ ಎಂಬ ವಿಜ್ಞಾನಿಗಳು ಒಬ್ಬ ಶಾಲಾ ಹುಡುಗನಿಂದ ಬೇರ್ಪಡಿಸಿದ ತಳಿಯಿಂದ ತಯಾರಾದ ಲಸಿಕೆ 1963ರಲ್ಲಿ ಬಂತು. ಇವತ್ತಿಗೂ ಬಹುಪಾಲು ದಡಾರದ ಲಸಿಕೆಗಳು ಅದೇ ವಂಶದವು, ಇವತ್ತಿಗೂ ಕೆಲಸ ಮಾಡುತ್ತಿವೆ.

"ದಡಾರ ಬಂದು ಹೋಗಲಿ ಬಿಡಿ, ಇಮ್ಯುನಿಟಿ ಬರುತ್ತಲ್ಲ" ಅನ್ನುವವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಈ ವೈರಸ್ ನುಗ್ಗುವುದೇ ನೆನಪು ಹೊತ್ತ ಜೀವಕೋಶಗಳಿಗೆ. ದಡಾರ ಬಂದ ಮಕ್ಕಳಲ್ಲಿ ಕ್ಷಯದ ಚರ್ಮ ಪರೀಕ್ಷೆ, ಸೋಂಕು ಇದ್ದರೂ ಇಲ್ಲವೆಂದು ತಾತ್ಕಾಲಿಕವಾಗಿ ಸುಳ್ಳು ಹೇಳುತ್ತದೆ ಅಂತ 1908ರಲ್ಲೇ ವಿಯೆನ್ನಾದ ವೈದ್ಯ ಫಾನ್ ಪಿರ್ಕೆ ಬರೆದಿದ್ದರು. ಅದರ ಪೂರ್ತಿ ಅರ್ಥ ಗೊತ್ತಾಗಿದ್ದು 2019ರಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಹೋಲಿಸಿದಾಗ, ಬೇರೆ ಬೇರೆ ರೋಗಗಳ ವಿರುದ್ಧ ಇದ್ದ ಆಂಟಿಬಾಡಿಗಳಲ್ಲಿ 11ರಿಂದ 73 ಶೇಕಡಾದಷ್ಟು ಅಳಿಸಿಹೋಗಿದ್ದವು. ಒಂದು ಮಗು ವರ್ಷಗಟ್ಟಲೆ ಕೆಮ್ಮಿ, ಜ್ವರ ಬಂದು ಗಳಿಸಿದ್ದು ಹೋಯಿತು. ಲಸಿಕೆ ಹೀಗೆ ಮಾಡುವುದಿಲ್ಲ.

ಇನ್ನು ನೆಗಡಿ. ಅದನ್ನು ತರುವ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ, ಹಾಗಾಗಿ ಪ್ರತಿ ಸಲವೂ ಹೊಸಬರೇ ಬಾಗಿಲು ತಟ್ಟುತ್ತಾರೆ. ಅದೊಂದೇ ಅಲ್ಲ. ದಡಾರ ಇಡೀ ಮೈಗೆ ಹರಡಲು ಎರಡು ವಾರ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ದೇಹ ಹಳೆಯ ನೆನಪನ್ನು ಎಬ್ಬಿಸಿ ಸಜ್ಜಾಗುತ್ತದೆ. ನೆಗಡಿಯ ಕೆಲಸ ಮೂಗಿನೊಳಗೇ, ಸೋಂಕು ತಗುಲಿದ ಎರಡು ಮೂರು ದಿನದಲ್ಲೇ ಶುರುವಾಗಿಬಿಡುತ್ತದೆ. ಮೂಗಿನ ಆಂಟಿಬಾಡಿಗಳು ಹೆಚ್ಚು ಕಾಲ ನಿಲ್ಲುವುದೂ ಇಲ್ಲ. 1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಸ್ವಯಂಸೇವಕರ ಮೂಗಿಗೆ ನೆಗಡಿ ತರುವ ಕೊರೊನಾವೈರಸ್ ಬಿಟ್ಟರು. ಒಂದು ವರ್ಷ ಬಿಟ್ಟು ಮತ್ತೆ ಅದೇ ವೈರಸ್ ಬಿಟ್ಟಾಗ ಹಲವರಿಗೆ ಸೋಂಕು ತಗುಲಿತು, ಆದರೆ ಅವರಲ್ಲಿ ಯಾರಿಗೂ ನೆಗಡಿ ಆಗಲಿಲ್ಲ. ಸೋಂಕು ಬೇರೆ, ಕಾಯಿಲೆ ಬೇರೆ. ಕೋವಿಡ್ ಲಸಿಕೆಯಲ್ಲೂ ನಡೆದದ್ದು ಹೀಗೇ. ಒಮಿಕ್ರಾನ್ ಬಂದ ಮೇಲೆ ಸೋಂಕು ತಡೆಯುವ ಬಲ ಕುಸಿಯಿತು, ಆಸ್ಪತ್ರೆ ಸೇರುವಷ್ಟು ವಿಷಮಿಸದಂತೆ ಕಾಯುವ ಬಲ ಬಹುಮಟ್ಟಿಗೆ ಉಳಿಯಿತು.

ದೇಹಕ್ಕೆ ತಪ್ಪು ಪಾಠ ಕಲಿಸಿದ ಒಂದು ಘಟನೆಯೂ ಇದೆ, ಓದಿದಾಗಲೆಲ್ಲ ಸಂಕಟವಾಗುತ್ತದೆ. ಆರ್‌ಎಸ್‌ವಿ ಎಂಬ ವೈರಸ್ ಎಳೆಯ ಕೂಸುಗಳ ಶ್ವಾಸಕೋಶಕ್ಕೆ ಬೀಳುತ್ತದೆ. 1966ರಲ್ಲಿ ಅಮೆರಿಕದಲ್ಲಿ ಫಾರ್ಮಾಲಿನ್ ಎಂಬ ರಾಸಾಯನಿಕದಿಂದ ಕೊಂದ ವೈರಸ್ಸನ್ನು ಲಸಿಕೆಯಾಗಿ ಪರೀಕ್ಷಿಸಿದರು. ಲಸಿಕೆ ಪಡೆದು ಆಮೇಲೆ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು 80 ಶೇಕಡಾ ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಈ ಲಸಿಕೆ ಪಡೆಯದವರಲ್ಲಿ ಆಸ್ಪತ್ರೆ ಸೇರಿದ್ದು 5 ಶೇಕಡಾ ಮಾತ್ರ. ಮಕ್ಕಳಲ್ಲಿ ಆಂಟಿಬಾಡಿ ಬೆಳೆದಿದ್ದವು, ಆದರೆ ವೈರಸ್ಸಿಗೆ ಅಂಟುತ್ತಿದ್ದವೇ ಹೊರತು ತಡೆಯುತ್ತಿರಲಿಲ್ಲ. ವೈರಸ್ಸಿನ ಎಫ್ ಪ್ರೋಟೀನ್ ಜೀವಕೋಶಕ್ಕೆ ನುಗ್ಗುವ ಮುಂಚೆ ಒಂದು ಆಕಾರದಲ್ಲಿರುತ್ತದೆ, ನುಗ್ಗಿದ ಮೇಲೆ ಇನ್ನೊಂದು. ಲಸಿಕೆ ತೋರಿಸಿದ್ದು ಎರಡನೆಯದನ್ನು. ಮೊದಲಿನ ಆಕಾರ 2013ರಲ್ಲಿ ಸ್ಪಷ್ಟವಾಗಿ ಕಂಡಿತು, ಅದನ್ನು ಬದಲಾಗದಂತೆ ಹಿಡಿದಿಟ್ಟು ಮಾಡಿದ ಲಸಿಕೆಗಳಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಒಂದನ್ನು ಗರ್ಭಿಣಿಗೇ ಕೊಡುತ್ತಾರೆ. ತಾಯಿಯ ಆಂಟಿಬಾಡಿಗಳು ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ದಾಟುತ್ತವೆ, ಆರ್‌ಎಸ್‌ವಿ ತುಂಬಾ ಅಪಾಯವಾಗುವ ಮೊದಲ ಕೆಲವು ತಿಂಗಳು ಅದನ್ನು ಕಾಪಾಡುತ್ತವೆ, ಆಮೇಲೆ ಕರಗುತ್ತವೆ. ಅಷ್ಟು ಹೊತ್ತಿಗೆ ಮಗುವಿನ ಶ್ವಾಸನಾಳಗಳು ಒಂದಿಷ್ಟು ಅಗಲವಾಗಿರುತ್ತವೆ.