ಸೇತುವೆಗೆ ಸೆನ್ಸರ್ ಹಾಕಿದ್ದಾಯಿತು, ಆಮೇಲೆ?

ಎಲ್ಲಾದರೂ ಸೇತುವೆ ಕುಸಿದರೆ ಮರುದಿನವೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಸೆನ್ಸರ್ ಇರಲಿಲ್ವಾ? ಹೊಸ ಸೇತುವೆ ಉದ್ಘಾಟನೆಯಾದರೆ ಹೆಮ್ಮೆಯಿಂದ ಹೇಳುವುದೂ ಅದನ್ನೇ: ಇಷ್ಟು ನೂರು ಸೆನ್ಸರ್ ಹಾಕಿದ್ದೇವೆ. ಆ ಸೆನ್ಸರ್ ಏನು ಹೇಳಬೇಕು, ಹೇಳಿದ್ದನ್ನು ಯಾರು ಕೇಳಬೇಕು ಅನ್ನುವ ಮಾತು ಮಾತ್ರ ಎರಡು ಕಡೆಯೂ ಬರುವುದಿಲ್ಲ. ಈ ಗೊಂದಲಕ್ಕೆ ದೊಡ್ಡ ಇತಿಹಾಸವೇ ಇದೆ.

ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ ಎಂದು ಲಾರ್ಡ್ ಕೆಲ್ವಿನ್ 1856ರಲ್ಲೇ ಕಂಡುಕೊಂಡಿದ್ದರು. ಅದು ಕೆಲಸಕ್ಕೆ ಬರಲು 80 ವರ್ಷ ಹಿಡಿಯಿತು. 1938ರಲ್ಲಿ ಕ್ಯಾಲ್ಟೆಕ್‌ನ ಎಡ್ವರ್ಡ್ ಸಿಮನ್ಸ್ ಮತ್ತು ಎಂಐಟಿಯ ಆರ್ಥರ್ ರೂಜ್, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆಯೇ, ಕೂದಲೆಳೆಯಂಥ ತಂತಿಯನ್ನು ಲೋಹಕ್ಕೆ ಅಂಟಿಸಿ, ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ ಸ್ಟ್ರೇನ್ ಗೇಜ್ ಮಾಡಿದರು. ಇವತ್ತಿಗೂ ಕೆಲಸ ನಡೆಯುವುದು ಹೆಚ್ಚುಕಡಿಮೆ ಹಾಗೇ. ಉಕ್ಕಿನ ಮೇಲಿನ ಬಣ್ಣ ಕೆರೆಯಬೇಕು, ಮರಳು ಕಾಗದದಲ್ಲಿ ಉಜ್ಜಬೇಕು, ಅಸಿಟೋನ್‌ನಲ್ಲಿ ಒರೆಸಬೇಕು. ಆಮೇಲೆ ಅಲ್ಲಿಗೆ ಬೆರಳು ತಾಗಿಸುವ ಹಾಗಿಲ್ಲ. ಒಂದು ಹನಿ ಅಂಟು ಹಾಕಿ, ಗೇಜ್ ಇಟ್ಟು, ಹೆಬ್ಬೆರಳಿನಿಂದ ಒಂದು ನಿಮಿಷ ಅದುಮಿ ಹಿಡಿಯಬೇಕು. ಕೊನೆಗೆ ನೀರು ಹೋಗದ ಹಾಗೆ ಮೇಲೊಂದು ಪದರ. ಇಷ್ಟು ಒದ್ದಾಡಿ ಅಳೆಯುವುದು ಎಷ್ಟನ್ನು? ಒಂದು ಮೈಕ್ರೋಸ್ಟ್ರೇನ್ ಅಂದರೆ ಒಂದು ಕಿಲೋಮೀಟರ್ ಉದ್ದದ ಸರಳು ಒಂದು ಮಿಲಿಮೀಟರ್ ಹಿಗ್ಗಿದ ಹಾಗೆ. ಆಗ 120 ಓಮ್‌ನ ಗೇಜ್‌ನಲ್ಲಿ ಆಗುವ ಬದಲಾವಣೆ ಸುಮಾರು 0.00024 ಓಮ್. ಅಂಟು ಸರಿಯಾಗಿ ಕೂರದಿದ್ದರೆ ತೆರೆಯ ಮೇಲೆ ಕಾಣುವುದು ಸೇತುವೆಯ ಕಥೆಯಲ್ಲ, ಅಂಟಿನ ಕಥೆ.

ಅಣೆಕಟ್ಟಿನವರು ಬೇರೆ ದಾರಿ ಹಿಡಿದಿದ್ದರು. ತಂತಿ ವಾದ್ಯದಲ್ಲಿ ಬಿರಡೆ ತಿರುವಿದರೆ ಶ್ರುತಿ ಏರುತ್ತದಲ್ಲ, ಅದೇ ತತ್ವ. ಕಾಂಕ್ರೀಟಿನೊಳಗೆ ಬಿಗಿದ ತಂತಿಯೊಂದನ್ನು ಹುದುಗಿಸಿಟ್ಟು, ಅದನ್ನು ಮೀಟಿ, ಸ್ವರ ಏರಿತೋ ಇಳಿಯಿತೋ ನೋಡುವುದು. 1930ರ ದಶಕದಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಫ್ರಾನ್ಸಿನ ಆಂದ್ರೆ ಕೊಯ್ನ್ ಪ್ರಮುಖರು. ಅವರೇ ವಿನ್ಯಾಸ ಮಾಡಿದ ಮಾಲ್ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಸೋತಿದ್ದು ಕಾಂಕ್ರೀಟ್ ಅಲ್ಲ, ಅದು ಒರಗಿದ್ದ ಎಡದಂಡೆಯ ಬಂಡೆ. ಅಲ್ಲಿಯವರೆಗೆ ಎಲ್ಲರ ಗಮನ ಗೋಡೆಯ ಮೇಲೇ ಇತ್ತು. ಬಂಡೆಯೊಳಗಿನ ನೀರಿನ ಒತ್ತಡಕ್ಕೆ ಮಹತ್ವ ಬಂದಿದ್ದು ಅದರ ನಂತರ.

1967ರ ಡಿಸೆಂಬರ್‌ನಲ್ಲಿ ಇನ್ನೆರಡು ಘಟನೆಗಳು ನಾಲ್ಕೇ ದಿನದ ಅಂತರದಲ್ಲಿ ನಡೆದವು. 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ. ಅಣೆಕಟ್ಟಿನೊಳಗೇ ಇದ್ದ, ಅಲುಗಾಟ ದಾಖಲಿಸುವ ಆಕ್ಸಿಲರೋಗ್ರಾಫ್ ಅದನ್ನು ಬರೆದಿಟ್ಟಿತು. ವಿನ್ಯಾಸದಲ್ಲಿ ಅಲುಗಾಟದ ತೀವ್ರತೆ ಎಂದು ಲೆಕ್ಕಕ್ಕೆ ಹಿಡಿದಿದ್ದು ಗುರುತ್ವದ 5%. ಯಂತ್ರ ದಾಖಲಿಸಿದ್ದು ಗುರುತ್ವದ ಅರ್ಧಕ್ಕೂ ಜಾಸ್ತಿ. ಅಣೆಕಟ್ಟು ಬಿರುಕು ಬಿಟ್ಟರೂ ನಿಂತಿತು, ಆ ದಾಖಲೆಯನ್ನು ಎಂಜಿನಿಯರ್‌ಗಳು ಈಗಲೂ ಬಳಸುತ್ತಾರೆ. 15ರಂದು ಅಮೆರಿಕದ ಒಹಾಯೊ ನದಿಯ ಮೇಲಿದ್ದ ಸಿಲ್ವರ್ ಬ್ರಿಡ್ಜ್ ಸಂಜೆಯ ವಾಹನ ದಟ್ಟಣೆಯಲ್ಲಿ ಕುಸಿದು 46 ಜನ ಸತ್ತರು. ಕಾರಣ, ಒಂದು ಕೊಂಡಿಯ ಒಳಗೆ ಅಡಗಿದ್ದ ಸುಮಾರು 2.5 ಮಿಲಿಮೀಟರ್ ಆಳದ ಬಿರುಕು. ಕೊಂಡಿ ಬಿಚ್ಚದೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಮೇಲೆ ಅಲ್ಲಿ ಎರಡು ವರ್ಷಕ್ಕೊಮ್ಮೆ ಸೇತುವೆ ತಪಾಸಣೆ ಮಾಡುವ ನಿಯಮ ಬಂತು. ಮನುಷ್ಯ ನೋಡುವುದನ್ನು ಯಂತ್ರ ದಿನವಿಡೀ ನೋಡಬಾರದೇಕೆ ಎಂಬ ಆಸೆಯೂ ಬಲವಾಯಿತು.

ಆಸೆಯ ಹಿಂದಿನ ತರ್ಕ ಸರಳ. ಪ್ರತಿ ಕಟ್ಟಡಕ್ಕೂ ಸೇತುವೆಗೂ ತನ್ನದೇ ಕಂಪನದ ಲಯ ಇರುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ ಬಿಗಿ ಸಡಿಲವಾಗುತ್ತದೆ, ಲಯ ನಿಧಾನವಾಗುತ್ತದೆ. ಅಲುಗಾಟ ಅಳೆಯುವ ಆಕ್ಸಿಲರೋಮೀಟರ್ ಇಟ್ಟು ಲಯ ಕೇಳುತ್ತಿದ್ದರೆ ಸಾಕು, ಅಲ್ವಾ? 1970ರ ದಶಕದಲ್ಲಿ ಸಮುದ್ರದ ತೈಲ ವೇದಿಕೆಗಳ ಮೇಲೆ ಇದನ್ನು ಮಾಡಿ ನೋಡಿದರು. ಕಂಬಗಳಿಗೆ ಕಡಲ ಜೀವಿಗಳು ಮೆತ್ತಿಕೊಂಡವು, ಟ್ಯಾಂಕ್‌ಗಳಲ್ಲಿ ದ್ರವದ ಮಟ್ಟ ಏರಿಳಿಯಿತು. ಏನೂ ಮುರಿಯದಿದ್ದರೂ ಲಯ ಬದಲಾಗುತ್ತಲೇ ಇತ್ತು. 1980ರ ದಶಕದ ಆರಂಭಕ್ಕೆ ತೈಲ ಉದ್ಯಮ ಹೆಚ್ಚುಕಡಿಮೆ ಕೈಬಿಟ್ಟಿತು.

ನಿಜವಾದ ಪಾಠ ಸಿಕ್ಕಿದ್ದು 1990ರ ದಶಕದಲ್ಲಿ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಅಷ್ಟು ಪ್ರಾಮಾಣಿಕ ಕೆಲಸ ನಡೆದ ಕಾಲ ಇನ್ನೊಂದಿಲ್ಲ. 1993ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ರಿಯೋ ಗ್ರಾಂಡೆ ನದಿಯ ಹೆದ್ದಾರಿ ಸೇತುವೆಯನ್ನು ಹೇಗೂ ಕೆಡವಬೇಕಿತ್ತು. ಲಾಸ್ ಅಲಾಮೋಸ್ ಪ್ರಯೋಗಾಲಯದವರೂ ಅವರ ಜೊತೆಗಾರರೂ ಅದನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಸೇತುವೆಯನ್ನು ಹೊತ್ತ ಮೂರು ಮೀಟರ್ ಎತ್ತರದ ಉಕ್ಕಿನ ತೊಲೆ, ಅಂದರೆ ಗರ್ಡರ್ ಅನ್ನು ಲೋಹ ಕತ್ತರಿಸುವ ಟಾರ್ಚ್ ಹಿಡಿದು ನಾಲ್ಕು ಹಂತದಲ್ಲಿ ಕತ್ತರಿಸುತ್ತಾ ಹೋದರು, ಪ್ರತಿ ಹಂತದಲ್ಲೂ ಕಂಪನ ಅಳೆದರು. ಶುರುವಿನಲ್ಲಿ ಸೇತುವೆಯ ಲಯ 2.48 ಹರ್ಟ್ಜ್, ಅಂದರೆ ಸೆಕೆಂಡಿಗೆ ಸುಮಾರು ಎರಡೂವರೆ ಕಂಪನ. ಎರಡು ಸಲ ಕತ್ತರಿಸಿದ ಮೇಲೆ 2.52. ಇಳಿಯಬೇಕಾದದ್ದು ಏರಿತ್ತು! ಮೂರನೇ ಸಲಕ್ಕೆ 2.46. ಗರ್ಡರ್‌ನ ಕೆಳಪಟ್ಟಿ ಪೂರ್ತಿ ತುಂಡಾದ ಮೇಲಷ್ಟೇ 2.30ಕ್ಕೆ ಇಳಿಯಿತು. ಅಷ್ಟೊತ್ತಿಗೆ ಹಾನಿ ನೋಡಲು ಸೆನ್ಸರ್ ಬೇಕಿರಲಿಲ್ಲ, ದಡದಲ್ಲಿ ನಿಂತವರಿಗೂ ಕಾಣುತ್ತಿತ್ತು.

ಅದೇ ರಾಜ್ಯದ ಅಲಮೋಸಾ ಕ್ಯಾನ್ಯನ್ ಸೇತುವೆಯ ಲಯ ಬರೀ 24 ಗಂಟೆಯಲ್ಲಿ ಸುಮಾರು 5% ಏರುಪೇರಾಗಿದ್ದು ಕಂಡುಬಂತು. ಯಾರೂ ಏನೂ ಕತ್ತರಿಸಿರಲಿಲ್ಲ. ಬಿಸಿಲು ಬಂದು ಹೋಗಿತ್ತು, ಅಷ್ಟೇ. ಆಲ್ಬುಕರ್ಕಿಯಲ್ಲಿ ಗರ್ಡರ್ ತುಂಡಾದಾಗ ಆದ ಇಳಿಕೆ ಸುಮಾರು 7%. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಸಮಸ್ಯೆ ತಾನಾಗಿಯೇ ಕಾಣುತ್ತದೆ.

ಸ್ವಿಟ್ಜರ್ಲೆಂಡಿನ ಜೆಡ್24 ಸೇತುವೆಯಲ್ಲಿ ಇನ್ನೂ ತಾಳ್ಮೆಯಿಂದ ಕೆಲಸ ನಡೆಯಿತು. ಕೆಡವುವ ಮುನ್ನ, 1997ರ ಕೊನೆಯಿಂದ 1998ರವರೆಗೆ, ಹತ್ತಿರಹತ್ತಿರ ಒಂದು ವರ್ಷ ಸುಮ್ನೆ ಅಳೆದರು. ಆಮೇಲೆ ಒಂದು ಕಂಬವನ್ನು ತಗ್ಗಿಸಿದರು, ಕಾಂಕ್ರೀಟ್ ಕೆತ್ತಿದರು, ಒಳಗಿನ ಬಿಗಿತಂತಿಗಳನ್ನು ಕಡಿದರು. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಮೇಲಿನ ಡಾಂಬರೇ ಗಟ್ಟಿಯಾಗಿ ಸೇತುವೆಯ ಲಯ ಜಿಗಿದಿತ್ತು. ಬೇಕಂತಲೇ ಮಾಡಿದ ಹಾನಿಗಿಂತ ಈ ಜಿಗಿತ ದೊಡ್ಡದು. ಆದರೆ ವರ್ಷವಿಡೀ ಅಳೆದಿದ್ದರಿಂದ ಹವಾಮಾನದ ಪಾಲನ್ನು ಲೆಕ್ಕ ಹಾಕಿ ಬೇರೆ ಮಾಡಲು ಸಾಧ್ಯವಾಯಿತು, ಹಾನಿ ಉಳಿದು ಕಂಡಿತು. ಅಂದರೆ ಬೆಲೆ ಬಾಳಿದ್ದು ಆ ಒಂದು ವರ್ಷದ ಬೇಜಾರಿನ ಕೆಲಸ.

ಅಲ್ಲಿಂದ ಈಚೆಗೆ ನಡೆದಿದ್ದು ಬಹುಪಾಲು ಸಂಖ್ಯೆಯ ಕಥೆ. ಏರ್‌ಬ್ಯಾಗ್‌ಗೆಂದು ಬಂದ ಮೆಮ್ಸ್ ಎಂಬ ಚಿಪ್ ಗಾತ್ರದ ಆಕ್ಸಿಲರೋಮೀಟರ್ ಫೋನಿನೊಳಗೆ ಸೇರಿತು, ಸಿಕ್ಕಾಪಟ್ಟೆ ಅಗ್ಗವಾಯಿತು. ಆಪ್ಟಿಕಲ್ ಫೈಬರ್ ಸೆನ್ಸರ್ ಬಂತು, ಜಿಪಿಎಸ್ ಬಂತು, ಉಪಗ್ರಹದ ರೇಡಾರ್ ಬಂತು. ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಐ-35ಡಬ್ಲ್ಯೂ ಸೇತುವೆ ಕುಸಿದು 13 ಜನ ಸತ್ತರು. ಮರುವರ್ಷ ಎದ್ದ ಹೊಸ ಸೇತುವೆಯಲ್ಲಿ 300ಕ್ಕೂ ಹೆಚ್ಚು ಸೆನ್ಸರ್‌ಗಳಿದ್ದವು. ಒಳ್ಳೆಯದೇ. ಆದರೆ ಹಳೆಯದು ಬಿದ್ದಿದ್ದು ವಿನ್ಯಾಸದಲ್ಲೇ ತೆಳುವಾಗಿದ್ದ ಜೋಡಣೆ ತಟ್ಟೆಗಳಿಂದ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂದು ನೋಡುವ ವ್ಯವಸ್ಥೆಗೆ ಮೊದಲ ದಿನದಿಂದಲೇ ಇರುವ ದೋಷ ಕಾಣುವುದು ಕಷ್ಟ.

ಸೆನ್ಸರ್ ಖರೀದಿಗೆ ಒಂದು ಸಲ ಹಣ ಸಿಗುತ್ತದೆ. ಬರುವ ಡೇಟಾವನ್ನು ಹತ್ತಿಪ್ಪತ್ತು ವರ್ಷ ಕೂತು ಓದುವವರಿಗೆ ಪ್ರತಿ ವರ್ಷ ಸಂಬಳ ಬೇಕು. ಕಟ್ಟಿದವರ ಕೆಲಸ ಉದ್ಘಾಟನೆಗೆ ಮುಗಿದಿರುತ್ತದೆ, ಸಂಶೋಧಕರ ಯೋಜನೆ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ನಿರ್ವಹಣೆಯವರ ಕೈಗೆ ಬರುವುದು ಒಂದು ಪಾಸ್‌ವರ್ಡ್. ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದರೆ ಸೇತುವೆ ಮುಚ್ಚಿಸುವ ಅಧಿಕಾರ ಯಾರಿಗಿದೆ ಎಂಬುದು ಮೊದಲೇ ತೀರ್ಮಾನವಾಗಿರದಿದ್ದರೆ, ನಾಲ್ಕು ಸುಳ್ಳು ಅಲಾರಂ ಆದ ಮೇಲೆ ಯಾರೋ ಅದರ ಸದ್ದು ತೆಗೆದಿರುತ್ತಾರೆ.

ಪ್ರಶ್ನೆ ಚಿಕ್ಕದಾಗಿದ್ದಲ್ಲಿ ಸೆನ್ಸರ್ ಚೆನ್ನಾಗಿಯೇ ಕೆಲಸ ಮಾಡಿದೆ. ಸ್ಕಾಟ್ಲೆಂಡಿನ ಫೋರ್ತ್ ರೋಡ್ ಸೇತುವೆ 1964ರದ್ದು. 2004ರಲ್ಲಿ ಅದರ ಮುಖ್ಯ ಕೇಬಲ್ ಬಿಚ್ಚಿ ನೋಡಿದಾಗ ಒಳಗಿನ ತಂತಿಗಳು ತುಕ್ಕು ಹಿಡಿದಿದ್ದವು. ತಂತಿ ತುಂಡಾಗುತ್ತಿದೆಯೇ, ಎಲ್ಲಿ, ಎಷ್ಟು? ಇಷ್ಟು ತಿಳಿದರೆ ಸಾಕಿತ್ತು. ತಂತಿ ಕಡಿಯುವ ಸದ್ದು ಹಿಡಿಯುವ ಸೆನ್ಸರ್‌ಗಳನ್ನು ಕೇಬಲ್ ಉದ್ದಕ್ಕೂ ಹಾಕಿದರು, ಒಣಗಾಳಿ ಹಾಯಿಸಿ ತುಕ್ಕು ತಡೆಯುವ ವ್ಯವಸ್ಥೆಯೂ ಆಯಿತು. ಅದೇ ಸೇತುವೆಯನ್ನು 2015ರ ಡಿಸೆಂಬರ್‌ನಲ್ಲಿ ಕೆಲವು ವಾರ ಮುಚ್ಚಬೇಕಾಯಿತು. ಈ ಸಲ ಬಿರುಕು ಬಿಟ್ಟಿದ್ದು ಕೇಬಲ್ ಅಲ್ಲ, ರಸ್ತೆಯ ಕೆಳಗಿನ ಉಕ್ಕಿನ ಚೌಕಟ್ಟಿನ ಒಂದು ಕೊಂಡಿ. ಅಲ್ಲಿಗೆ ಸೆನ್ಸರ್ ಕಿವಿಗೊಟ್ಟಿರಲಿಲ್ಲ, ಅದನ್ನು ಕಂಡುಹಿಡಿದಿದ್ದು ತಪಾಸಣೆಗೆ ಇಳಿದ ಸಿಬ್ಬಂದಿ.